ರಚಿಸದೆಯೂ ತಮ್ಮದಾಗಿಸಿಕೊಂಡವರು

ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಸಣ್ಣ ಸಭಾಂಗಣವೊಂದರಲ್ಲಿ ಒಂದು ಶನಿವಾರ ಸಂಜೆ ಆರು ಜನರ ಫಂಕ್ (ಬಡಿತವೇ ಮುಂದಾಗಿ ನಿಲ್ಲುವ ಅಮೆರಿಕದ ಕುಣಿತದ ಸಂಗೀತ) ಮತ್ತು ಜಾಝ್ ತಂಡವೊಂದು ಜಾಝ್ ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವರ ಸಂಗೀತವನ್ನಷ್ಟೇ ನುಡಿಸುವ ಕಾರ್ಯಕ್ರಮವನ್ನು ಇಟ್ಟುಕೊಂಡಿತ್ತು. ಅರ್ಧ ಕಾರ್ಯಕ್ರಮ ಕಳೆದ ಮೇಲೆ, ಸಭೆಯೆಲ್ಲ ಕಾದು ಕುಳಿತಿದ್ದ ‘ಮರ್ಸಿ, ಮರ್ಸಿ, ಮರ್ಸಿ’ಯ ಸರದಿ ಬಂತು. ಆಲ್ಟೋ ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಯುವ ಕಲಾವಿದೆ ಟ್ರಂಪೆಟ್ ವಾದಕರ ಜೊತೆಗೂಡಿ ಹಾಡಿನ ಮೂಲ ಧಾಟಿಯನ್ನು ನುಡಿಸಿದರು. ಬಳಿಕ ವಾದ್ಯವನ್ನು ಕೊರಳ ಪಟ್ಟಿಯಲ್ಲಿ ಹಾಗೆಯೇ ತೂಗಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿ ನಿಂತರು. ಕೀಬೋರ್ಡಿನವರು ಹಾಡನ್ನು ತಮ್ಮ ಕಲ್ಪನೆಯಲ್ಲಿ ವಿಸ್ತರಿಸುವ ಮನೋಧರ್ಮಕ್ಕೆ ಇಳಿದರು. ಅವರು ಮುಗಿಸಿದ ಮೇಲೆ ಸ್ಯಾಕ್ಸೋಫೋನಿನ ಸರದಿ ಬರುತ್ತದೆಂದು ನಾನು ಕಾದೆ; ಬರಲಿಲ್ಲ. ಮತ್ತೆ ಮೂಲ ಧಾಟಿ, ಮತ್ತೆ ಆ ಏರುವ ಸ್ವರಗಳು, ಅಲ್ಲಿಗೆ ಹಾಡು ಮುಗಿಯಿತು. ಒಬ್ಬ ಸ್ಯಾಕ್ಸೋಫೋನ್ ವಾದಕರ ಹೆಸರಿನಲ್ಲಿ ನಡೆದ ಸಂಜೆಯಲ್ಲಿ, ಅವರ ಅತ್ಯಂತ ಪ್ರಸಿದ್ಧ ಹಾಡಿನಲ್ಲಿ, ಸ್ಯಾಕ್ಸೋಫೋನಿಗೆ ತನ್ನದೇ ಆದ ಒಂದು ಸುತ್ತೂ ಇರಲಿಲ್ಲ.

ತಂಡದವರು ತಪ್ಪು ಮಾಡಿರಲಿಲ್ಲ. ಮನೆಗೆ ಬಂದು 1966ರ ಮೂಲ ಧ್ವನಿಮುದ್ರಣವನ್ನು ಮತ್ತೊಮ್ಮೆ ಗಮನವಿಟ್ಟು ಕೇಳಿದಾಗ, ಇಷ್ಟು ವರ್ಷ ಕೇಳಿಯೂ ನನ್ನ ಲಕ್ಷ್ಯಕ್ಕೆ ಬಾರದೇ ಹೋದ ಸಂಗತಿ ಕಿವಿಗೆ ಬಿತ್ತು: ಅಲ್ಲಿಯೂ ಆಡರ್ಲಿ ತಮ್ಮನೊಂದಿಗೆ ಧಾಟಿಯನ್ನು ನುಡಿಸುತ್ತಾರೆಯೇ ಹೊರತು, ಬಿಡಿಸಿ ವಿಸ್ತರಿಸುವ ಕೆಲಸವನ್ನು ಎಲೆಕ್ಟ್ರಿಕ್ ಪಿಯಾನೋದ ಮುಂದೆ ಕುಳಿತ ಜೋ ಝಾವಿನುಲ್ ಅವರಿಗೆ ಬಿಟ್ಟುಕೊಟ್ಟಿದ್ದಾರೆ. ಹಾಡನ್ನು ರಚಿಸಿದವರೂ ವಿಯೆನ್ನಾದಿಂದ ಬಂದ ಆ ಝಾವಿನುಲ್ ಅವರೇ. ಹಾಲಿವುಡ್ಡಿನ ಸ್ಟುಡಿಯೋ ಒಂದರೊಳಗೆ ಶ್ರೋತೃಗಳನ್ನು ಕರೆಸಿ ಕೂರಿಸಿ, ಕ್ಲಬ್ಬಿನ ವಾತಾವರಣವನ್ನೇ ಅಲ್ಲಿ ಸೃಷ್ಟಿಸಿ ಮುದ್ರಿಸಿಕೊಂಡ ಈ ಹಾಡು 1967ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 11ನೇ ಸ್ಥಾನದವರೆಗೆ ಏರಿತು. ಜಾಝ್ ತಂಡವೊಂದಕ್ಕೆ ಇದು ಅಪರೂಪದ ಮಾತು. ರಚನೆ ಬೇರೆಯವರದು, ವಿಸ್ತಾರ ಬೇರೆಯವರದು. ಆದರೂ ಅರವತ್ತು ವರ್ಷಗಳಿಂದ ಇಲ್ಲಿಯ ಜನ ಇದನ್ನು ‘ಕ್ಯಾನನ್‌ಬಾಲ್ ಅವರ ಹಾಡು’ ಎಂದೇ ಕರೆಯುತ್ತಾರೆ, ಅದರಲ್ಲಿ ಅವರಿಗೆ ಯಾವ ಗೊಂದಲವೂ ಕಾಣುವುದಿಲ್ಲ.

ಹೀಗೆ ಕರೆಯುವುದು ಹೇಗೆ ಸರಿಯಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಆ ರಾತ್ರಿಯಿಂದ ಬಿಟ್ಟಿಲ್ಲ. ಕರ್ನಾಟಕ ಸಂಗೀತವನ್ನು ಸ್ಯಾಕ್ಸೋಫೋನಿನಲ್ಲಿ ನುಡಿಸಿದ ನಮ್ಮ ಕದ್ರಿ ಗೋಪಾಲನಾಥ್ ಅವರ ಬಗ್ಗೆಯೂ ನನಗಿರುವುದು ಇದೇ ಪ್ರಶ್ನೆ; ಅಲ್ಲಿಗೆ ಮುಂದೆ ಬರುತ್ತೇನೆ. ಮೊದಲು ಆಡರ್ಲಿ. ಅವರ ಹೆಸರಿಗೆ ಅಂಟಿಕೊಂಡ ಉಳಿದ ಹಾಡುಗಳ ಕಥೆಯೂ ಹೆಚ್ಚುಕಡಿಮೆ ಇದೇ. ‘ವರ್ಕ್ ಸಾಂಗ್’ ತಮ್ಮ ನ್ಯಾಟ್ ಆಡರ್ಲಿ ಅವರದು. ‘ದಿಸ್ ಹಿಯರ್’ ಪಿಯಾನೋ ವಾದಕ ಬಾಬಿ ಟಿಮನ್ಸ್ ಅವರದು. ಅದನ್ನು 1959ರ ಅಕ್ಟೋಬರಿನಲ್ಲಿ ನನ್ನ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋದ ಜಾಝ್ ವರ್ಕ್‌ಶಾಪ್ ಎಂಬ ಕ್ಲಬ್ಬಿನಲ್ಲಿ ಶ್ರೋತೃಗಳ ಚಪ್ಪಾಳೆ ಸಮೇತ ಮುದ್ರಿಸಲಾಯಿತು, ಮತ್ತು ತಂಡದ ಹೆಸರು ದೇಶದ ತುಂಬ ಹರಡಿದ್ದು ಆ ಮುದ್ರಣದಿಂದಲೇ. ಸ್ವತಃ ರಚಿಸಿದ ‘ಸ್ಯಾಕ್ ಓ ವೋ’ದಂಥವು ಇವೆಯಾದರೂ ಜನ ಮೊದಲು ನೆನೆಯುವುದು ಅವುಗಳನ್ನಲ್ಲ. ಹಾಗಾದರೆ ಅವರದೆಂದು ಉಳಿದಿರುವುದು ಏನು? ಬಾಯಿ ತುಂಬ ಮಾತನಾಡುವವರ ಕಂಠದಂಥ ಆ ಗುಂಡನೆಯ, ತುಂಬಿದ ನಾದ. ತುಟಿಯ ಒತ್ತಡವನ್ನು ಕೂದಲೆಳೆಯಷ್ಟು ಸಡಿಲಿಸಿ ಸ್ವರವನ್ನು ಕೆಳಗೆ ಜಗ್ಗಿ ಮತ್ತೆ ಮೇಲಕ್ಕೆತ್ತುವ, ಕಪ್ಪು ಅಮೆರಿಕನ್ನರ ಬ್ಲೂಸ್ ಹಾಡುಗಾರಿಕೆಯ ಎಳೆತ. ದುಃಖದ ಧಾಟಿಯಲ್ಲಿಯೂ ನಗುಮುಖ ಕಾಣುವಂಥ ನಡೆ. ಇವುಗಳೊಂದಿಗೆ, ಯಾರನ್ನು ತಂಡಕ್ಕೆ ಕರೆದುಕೊಳ್ಳಬೇಕು, ಯಾರ ಹಾಡಿಗೆ ಎಷ್ಟು ಜಾಗ ಬಿಟ್ಟುಕೊಡಬೇಕು ಎಂಬ ವಿವೇಕ. ಇದನ್ನೆಲ್ಲ ಒಟ್ಟಾಗಿ ಹೇಳುವ ಒಂದು ಪದ ನಮ್ಮಲ್ಲಿ ಇದೆ, ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಸಿಗುವುದಿಲ್ಲ: ಬಾನಿ.

ಆಡರ್ಲಿ ಮೇಷ್ಟ್ರಾಗಿದ್ದವರು ಎಂಬುದನ್ನು ಇಲ್ಲಿ ಹೇಳಲೇಬೇಕು. 1928ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಹುಟ್ಟಿದ ಅವರು ಅದೇ ರಾಜ್ಯದ ಫೋರ್ಟ್ ಲಾಡರ್‌ಡೇಲ್‌ನ ಪ್ರೌಢಶಾಲೆಯಲ್ಲಿ ಮಕ್ಕಳ ಬ್ಯಾಂಡನ್ನು ನಡೆಸುತ್ತಿದ್ದರು. 1955ರಲ್ಲಿ ನ್ಯೂಯಾರ್ಕಿಗೆ ಬಂದು ಒಂದು ಕ್ಲಬ್ಬಿನಲ್ಲಿ ಅವಕಾಶ ಸಿಕ್ಕು ನುಡಿಸಿದಾಗ, ಆಲ್ಟೋ ಸ್ಯಾಕ್ಸೋಫೋನಿನ ಮಹಾನ್ ವಾದಕ ಚಾರ್ಲಿ ಪಾರ್ಕರ್ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಪಾರ್ಕರ್ ಅವರ ಉತ್ತರಾಧಿಕಾರಿ ಸಿಕ್ಕಿದರೆಂದು ಜನ ಮಾತಾಡಿಕೊಂಡರು. 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ಇನ್ನೊಬ್ಬ ದೊಡ್ಡ ಸ್ಯಾಕ್ಸೋಫೋನ್ ವಾದಕ ಜಾನ್ ಕೊಲ್ಟ್ರೇನ್ ಅವರ ಪಕ್ಕದಲ್ಲಿ ನಿಂತು ನುಡಿಸಿದರು. ಇಷ್ಟಾದರೂ ಮೇಷ್ಟರ ಗುಣ ಅವರನ್ನು ಬಿಡಲಿಲ್ಲ. ಪ್ರತಿ ಹಾಡಿನ ಮೊದಲು ಮೈಕಿನ ಮುಂದೆ ಬಂದು, ಇದನ್ನು ಯಾರು ರಚಿಸಿದರು, ಇದರ ನಡೆ ಎಂಥದು, ಇದರ ಹುಟ್ಟು ಎಲ್ಲಿಯದು ಎಂಬುದನ್ನು ಹರಿಕಥೆಯ ದಾಸರು ಪೀಠಿಕೆ ಹಾಕುವ ಹಾಗೆ ಬಿಡಿಸಿ ಹೇಳುತ್ತಿದ್ದರು. ಹಾಡು ತನ್ನದಲ್ಲವೆಂದು ಅವರೇ ಪ್ರತಿ ಸಲ ಹೇಳಿದರು. ಹೇಳಿದಷ್ಟೂ ಅದು ಅವರದಾಯಿತು.

ಓಕ್ಲೆಂಡಿನ ಆ ತಂಡದವರು ನುಡಿಸಿದ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಊರು ಫಂಕ್ ಸಂಗೀತದ ತವರುಗಳಲ್ಲಿ ಒಂದು. ಟವರ್ ಆಫ್ ಪವರ್ ತಂಡ 1968ರಲ್ಲಿ ಇಲ್ಲಿಯೇ ಹುಟ್ಟಿತು. ಬೇಸ್ ಗಿಟಾರಿನ ತಂತಿಯನ್ನು ಹೆಬ್ಬೆರಳಿನಿಂದ ಬಡಿದು ನುಡಿಸುವ ಕ್ರಮವನ್ನು ಜಗತ್ತಿಗೆ ಕೊಟ್ಟ ಲ್ಯಾರಿ ಗ್ರಹಾಂ ಬೆಳೆದದ್ದೂ ಇಲ್ಲಿಯೇ. ತಾಯಿಯ ಜೊತೆ ನುಡಿಸುತ್ತಿದ್ದಾಗ ಡ್ರಮ್ಸ್ ವಾದಕರು ಇಲ್ಲದೇ ಹೋದದ್ದರಿಂದ, ಆ ಕೊರತೆಯನ್ನು ತುಂಬಲು ಹೆಬ್ಬೆರಳಿನ ಬಡಿತದಲ್ಲಿ ದೊಡ್ಡ ಡ್ರಮ್ಮಿನ ಪೆಟ್ಟನ್ನೂ ಇನ್ನೊಂದು ಬೆರಳಿನ ಮೀಟಿನಲ್ಲಿ ಸಣ್ಣ ಡ್ರಮ್ಮಿನ ಪೆಟ್ಟನ್ನೂ ತಂದೆನೆಂದು ಅವರು ಹೇಳಿಕೊಂಡಿದ್ದಾರೆ. ಆ ಸಂಜೆ ‘ವರ್ಕ್ ಸಾಂಗ್’ ಶುರುವಾದದ್ದು ಈ ಹೆಬ್ಬೆರಳಿನ ಬಡಿತದಿಂದ. ನ್ಯಾಟ್ ಆಡರ್ಲಿ ಚಿಕ್ಕವರಿದ್ದಾಗ ಫ್ಲಾರಿಡಾದಲ್ಲಿ ತಮ್ಮ ಮನೆಯ ಮುಂದೆ ಸಂಕೋಲೆ ತೊಟ್ಟ ಕೈದಿಗಳು ರಸ್ತೆ ಕೆಲಸ ಮಾಡುತ್ತ ಹಾಡುತ್ತಿದ್ದುದನ್ನು ಕೇಳಿದ ನೆನಪಿನಿಂದ ಆ ಹಾಡು ಬಂದಿದೆ: ಒಂದು ಸಣ್ಣ ಸೊಲ್ಲು, ಅದರ ಬೆನ್ನಿಗೆ ಎರಡು ಪೆಟ್ಟು. ಮೂಲದಲ್ಲಿ ಸಾಕಷ್ಟು ಚುರುಕಾಗಿ ಓಡುವ ಹಾಡನ್ನು ಈ ತಂಡ ಅರ್ಧ ವೇಗಕ್ಕೆ ಇಳಿಸಿತು. ಇಳಿಸಿದಾಗ ಆ ಎರಡು ಪೆಟ್ಟುಗಳ ನಡುವಿನ ಜಾಗ ದೊಡ್ಡದಾಯಿತು, ಸುತ್ತಿಗೆಯನ್ನು ಎತ್ತುವುದಕ್ಕೆ ಬೇಕಾಗುವ ಶ್ರಮವೆಲ್ಲ ಆ ಜಾಗದಲ್ಲಿ ಕೇಳಿಸಿತು. ಪುತ್ತೂರಿನ ಕಡೆ ನನ್ನ ಅಜ್ಜನ ಮನೆಯ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವ ಹೆಂಗಸರು ‘ಓ ಬೇಲೆ’ ಎಂಬ ತುಳು ಹಾಡು ಹೇಳುವಾಗ, ಒಬ್ಬರು ಸೊಲ್ಲೆತ್ತಿ ಉಳಿದವರು ಓಗೊಡುವ ನಡುವೆ, ಬಗ್ಗಿದ ಬೆನ್ನುಗಳೆಲ್ಲ ಒಂದೇ ಸಲಕ್ಕೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದವು. ಆ ಸರಿಯುವಿಕೆಗೂ ಒಂದು ಕಾಲಪ್ರಮಾಣ ಇತ್ತು. ಓಕ್ಲೆಂಡಿನಲ್ಲಿ ಕುಳಿತ ನನಗೆ ಆ ಗದ್ದೆ ನೆನಪಾಯಿತು.

ತಾಳದ ವಿಷಯದಲ್ಲಿ ಒಂದು ಮಾತು. ಫಂಕ್ ಸಂಗೀತದಲ್ಲಿ ಎಲ್ಲವೂ ಮೊದಲ ಪೆಟ್ಟಿಗೆ ಬಂದು ಬೀಳಬೇಕು. ಫಂಕಿನ ಹಿರಿಯ ಗಾಯಕ ಜೇಮ್ಸ್ ಬ್ರೌನ್ ತಮ್ಮ ವಾದಕರಿಗೆ ಕಲಿಸಿದ ಪಾಠವೇ ಅದು. ಉಳಿದ ಮೂರು ಪೆಟ್ಟುಗಳಲ್ಲಿ ಯಾರು ಎಲ್ಲಿ ಬೇಕಾದರೂ ಅಲೆಯಬಹುದು, ಒಂದಕ್ಕೆ ಮಾತ್ರ ಮನೆಗೆ ಬಂದಿರಬೇಕು. ನಮ್ಮ ಕೃತಿಗಳ ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ಹಾಗಲ್ಲ; ತಾಳದ ಮೊದಲ ಪೆಟ್ಟಾದ ಸಮದಲ್ಲಿಯೂ ಇರಬಹುದು, ಅರ್ಧ ಅಕ್ಷರ ಬಿಟ್ಟೂ ಇರಬಹುದು. ಸಮವನ್ನು ಖಾಲಿ ಬಿಟ್ಟು ಅದರ ಬೆನ್ನಿಗೇ ಸಾಹಿತ್ಯವನ್ನು ಎತ್ತಿಕೊಳ್ಳುವ ಸೊಗಸು ನಮ್ಮದು. ಆ ಸಂಜೆ ತಂಡ ನಾಲ್ಕು ನಾಲ್ಕು ಪೆಟ್ಟಿನ ಹನ್ನೆರಡು ಘಟಕಗಳು (ಬಾರ್) ಸೇರಿ ಒಂದು ಸುತ್ತಾಗುವ ಬ್ಲೂಸನ್ನು ನುಡಿಸುತ್ತಿದ್ದಾಗ ನನ್ನ ಕೈ ತಾನಾಗಿ ತೊಡೆಯ ಮೇಲೆ ಎಂಟು ಎಣಿಕೆಯ ಆದಿತಾಳ ಹಾಕುತ್ತಿತ್ತು: ಹನ್ನೆರಡು ನಾಲ್ಕಲೆ ನಲವತ್ತೆಂಟು, ಅಂದರೆ ಸರಿಯಾಗಿ ಆರು ಆವರ್ತನ. ಪ್ರತಿ ಸಲವೂ ಅವರ ಸುತ್ತು ಮುಗಿಯುವ ಹೊತ್ತಿಗೆ ನನ್ನ ಆರನೆಯ ಆವರ್ತನವೂ ಮುಗಿದು, ಇಬ್ಬರೂ ಒಟ್ಟಿಗೇ ಸಮಕ್ಕೆ ಬಂದೆವು. ಪಕ್ಕದಲ್ಲಿ ಕುಳಿತ ವೃದ್ಧೆಯೊಬ್ಬರು ನನ್ನ ಬೆರಳುಗಳ ಎಣಿಕೆಯನ್ನು ಸ್ವಲ್ಪ ಹೊತ್ತು ನೋಡಿ, ತಾವೂ ಕೈಬೀಸಿ ತಟ್ಟಲು ಪ್ರಯತ್ನಿಸಿದರು.

ಈಗ ಕದ್ರಿ ಗೋಪಾಲನಾಥ್ ಅವರ ವಿಷಯಕ್ಕೆ ಬರುತ್ತೇನೆ. ಈ ಬರಹವನ್ನು ಬರೆಯಲು ಕೂತದ್ದೇ ಅದಕ್ಕಾಗಿ. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಅವರಿಗೆ ನಾಗಸ್ವರ ತಂದೆಯಿಂದ ಬಂದದ್ದು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ, ಇದನ್ನೇ ನುಡಿಸಬೇಕೆಂದು ಹಟ ಹಿಡಿದರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಸ್ಯಾಕ್ಸೋಫೋನ್ ಎಂದರೆ ಕೀಗಳನ್ನು ಒತ್ತಿ ರಂಧ್ರಗಳನ್ನು ಪೂರ್ತಿ ಮುಚ್ಚುವ, ಪೂರ್ತಿ ತೆರೆಯುವ ಲೋಹದ ವಾದ್ಯ. ಕೊಳಲಿನಲ್ಲಿ, ನಾಗಸ್ವರದಲ್ಲಿ ಬೆರಳ ತುದಿಯನ್ನು ಅರ್ಧ ಜಾರಿಸಿ ಗಮಕ, ಅಂದರೆ ಸ್ವರದ ತೂಗಾಟ, ತರುವಂತೆ ಇದರಲ್ಲಿ ತರಲಾಗದು. ಆ ಕೆಲಸವನ್ನೆಲ್ಲ ತುಟಿ, ಗಂಟಲು ಮತ್ತು ಉಸಿರು ಮಾಡಬೇಕು. ತೋಡಿ ರಾಗದ ಗಾಂಧಾರವನ್ನು ಈ ವಾದ್ಯದಲ್ಲಿ ತೂಗುವುದೆಂದರೆ ಏನೆಂಬುದನ್ನು ಅರ್ಧ ಗಂಟೆ ಪ್ರಯತ್ನಪಟ್ಟವರು ಮಾತ್ರ ಬಲ್ಲರು. ಅವರು ಇದಕ್ಕಾಗಿ ವರ್ಷಗಟ್ಟಲೆ ದುಡಿದರು. ಆಡರ್ಲಿ ಫ್ಲಾರಿಡಾದ ಬ್ಲೂಸಿಗಾಗಿ ತುಟಿಯಲ್ಲಿ ಮಾಡಿದ ಕೆಲಸವನ್ನೇ ಗೋಪಾಲನಾಥ್ ಕರ್ನಾಟಕ ಸಂಗೀತದ ರಾಗಗಳಿಗಾಗಿ ಮಾಡಿದರು. ಇಬ್ಬರದ್ದೂ ಆಲ್ಟೋ ಸ್ಯಾಕ್ಸೋಫೋನೇ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಆ ವರ್ಷ ನಾನು ಇಲ್ಲಿಯ ಕನ್ನಡ ಸಂಸ್ಥೆಯೊಂದರ ಸಾಂಸ್ಕೃತಿಕ ಸಮಿತಿಯಲ್ಲಿ ಕೂತಿದ್ದೆ. ಅವರ ಸಂಗೀತಕ್ಕೇ ಒಂದು ಸಂಜೆಯನ್ನು ಮೀಸಲಿಡೋಣ, ಈ ಊರಿನಲ್ಲಿರುವ ವಾದಕರನ್ನು ಸೇರಿಸಿ ನುಡಿಸೋಣ ಎಂದು ಕೇಳಿದೆ. ಹಿರಿಯರೊಬ್ಬರು ಸಮಾಧಾನದಿಂದಲೇ ಹೇಳಿದರು: “ಕದ್ರಿಯವರದ್ದು ಅಂತ ರಚನೆ ಯಾವುದಿದೆ ಹೇಳಿ? ಅವರು ನುಡಿಸಿದ್ದೆಲ್ಲ ತ್ಯಾಗರಾಜರದ್ದು, ದೀಕ್ಷಿತರದ್ದು, ನಮ್ಮ ದಾಸರದ್ದು. ಅದೆಲ್ಲ ಆರಾಧನೆಯಲ್ಲಿ ಬಂದೇ ಬರುತ್ತದಲ್ಲ.” ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೊನೆಗೆ ರಾಜ್ಯೋತ್ಸವದ ದಿನ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಒಂದು ನಿಮಿಷ ಮೌನ ಆಚರಿಸಿ, ಊಟದ ಸಾಲು ನಿಂತ ಹೊತ್ತಿನಲ್ಲಿ ಅವರ ಧ್ವನಿಮುದ್ರಣವನ್ನು ಹಾಕಲಾಯಿತು. ಬಿಸಿಬೇಳೆ ಭಾತಿನ ಪಾತ್ರೆಯ ಸದ್ದಿನ ನಡುವೆ ಅವರ ಕಲ್ಯಾಣಿ ಆಗೊಮ್ಮೆ ಈಗೊಮ್ಮೆ ಕೇಳಿಸುತ್ತಿತ್ತು. ಯಾರಲ್ಲಿಯೂ ಅನಾದರ ಇರಲಿಲ್ಲ. ಆದರೂ ಆ ದಿನ ನಾನು ಊಟ ಮಾಡದೆ ಮನೆಗೆ ಬಂದೆ.

ಆ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಸಿಕ್ಕಿದ್ದು ಓಕ್ಲೆಂಡಿನಲ್ಲಿ. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ‘ರಘುವಂಶ ಸುಧಾಂಬುಧಿ’ಯನ್ನೇ ತೆಗೆದುಕೊಳ್ಳಿ. ಕದನಕುತೂಹಲ ರಾಗದ ಆರೋಹಣ ಸ ರಿ ಮ ದ ನಿ ಗ ಪ ಸ ಎಂದು ನೇರ ಮೆಟ್ಟಿಲು ಬಿಟ್ಟು ಜಿಗಿಯುತ್ತದೆ: ನಿಷಾದದವರೆಗೆ ಏರಿದ ಮೇಲೆ ಗಾಂಧಾರ. ಆ ಜಿಗಿತವನ್ನು ಗೋಪಾಲನಾಥ್ ಒಂದೇ ಉಸಿರಿನಲ್ಲಿ, ಪ್ರತಿ ಸ್ವರಕ್ಕೂ ಅದರದೇ ಅಂಚು ಉಳಿಯುವಂತೆ, ಆದರೆ ಎಲ್ಲಿಯೂ ಕಡಿಯದಂತೆ ನುಡಿಸುತ್ತಿದ್ದರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಕೃತಿಯೆಂದರೆ ಸ್ಯಾಕ್ಸೋಫೋನ್ ಎಂದೇ ಆಗಿಬಿಟ್ಟಿದೆ, ಅದನ್ನು ಬಾಯಿಯಲ್ಲಿ ಹಾಡಿ ಕೇಳಿಸಿದಾಗ “ಇದು ಕದ್ರಿಯವರದ್ದಲ್ವಾ?” ಎಂದು ಕೇಳುವವರನ್ನು ನಾನೇ ಕಂಡಿದ್ದೇನೆ. ಆ ಪ್ರಶ್ನೆಯಲ್ಲಿ ಅಜ್ಞಾನವಿಲ್ಲ. ಝಾವಿನುಲ್ ರಚಿಸಿದ್ದು ಆಡರ್ಲಿಯವರದಾದರೆ, ಪಟ್ಣಂ ರಚಿಸಿದ್ದು ಕದ್ರಿಯವರದೂ ಆಗಬಲ್ಲದು. ರಚನಕಾರರ ಹಕ್ಕು ಅದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ವಾಗ್ಗೇಯಕಾರರಿಗೆ ಆರಾಧನೆ ನಡೆಸುವ ನಾವು, ವಾದಕರಿಗೆ ಸ್ಮರಣೆ ನಡೆಸುತ್ತೇವೆ. ಆದರೆ ಆ ಸ್ಮರಣೆಯ ದಿನ ಬೇರೆ ಯಾರೋ ಬಂದು ತಮ್ಮದೇ ಕಚೇರಿ ಮಾಡಿ ಹೋಗುತ್ತಾರೆ. ಗತಿಸಿದವರು ಒಂದು ಸ್ವರವನ್ನು ಹೇಗೆ ಎತ್ತುತ್ತಿದ್ದರು, ಎಲ್ಲಿ ನಿಲ್ಲುತ್ತಿದ್ದರು, ಎ. ಕನ್ಯಾಕುಮಾರಿಯವರ ಪಿಟೀಲಿಗೆ ಎಲ್ಲಿ ಜಾಗ ಬಿಡುತ್ತಿದ್ದರು ಎಂಬುದನ್ನು ಕಾರ್ಯಕ್ರಮದ ವಸ್ತುವನ್ನಾಗಿಸಿ, ಸಭೆಯ ಮುಂದೆ ನುಡಿಸಿ ತೋರಿಸುವುದು ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ.

ಇದಕ್ಕೆ ಕಾರಣವೂ ಇದೆ, ಅದನ್ನು ಗೌರವದಿಂದಲೇ ನೋಡಬೇಕು. ನಮ್ಮಲ್ಲಿ ಬಾನಿ ಗುರುವಿನ ಮನೆಯಲ್ಲಿ ಸಿಗುವ ಸೊತ್ತು. ಪಾಠಾಂತರ ಬಾಯಿಂದ ಬಾಯಿಗೆ ಬರಬೇಕು. ಎದುರು ಕೂತು ತಿದ್ದಿಸಿಕೊಂಡದ್ದಕ್ಕೆ ಮಾತ್ರ ಬೆಲೆ. ಹೊರಗಿನವರು ಧ್ವನಿಮುದ್ರಣ ಕೇಳಿ ಒಬ್ಬರ ಬಾನಿಯಲ್ಲಿ ನುಡಿಸಿದರೆ ಅದನ್ನು ಅನುಕರಣೆ ಎನ್ನುತ್ತೇವೆ, ಆ ಮಾತಿನಲ್ಲಿ ಹೊಗಳಿಕೆ ಇರುವುದಿಲ್ಲ. ಇಲ್ಲಿ ಕ್ರಮ ಬೇರೆ. ವಿರಾಮದಲ್ಲಿ ಆ ಸ್ಯಾಕ್ಸೋಫೋನ್ ಕಲಾವಿದೆಯನ್ನು ಮಾತಾಡಿಸಿದೆ. ಆಡರ್ಲಿ ತೀರಿಕೊಂಡದ್ದು 1975ರಲ್ಲಿ, ಇವರು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಆದರೂ ಅವರ ಒಂದೊಂದು ಸೋಲೋವನ್ನೂ (ಒಬ್ಬರೇ ವಿಸ್ತರಿಸಿ ನುಡಿಸುವ ಭಾಗವನ್ನೂ) ಅರ್ಧ ವೇಗದಲ್ಲಿ ಹಾಕಿ ಕೇಳಿ, ಉಸಿರು ತೆಗೆದುಕೊಳ್ಳುವ ಜಾಗವನ್ನೂ ಸೇರಿಸಿ ಬರೆದುಕೊಂಡು, ತಿಂಗಳುಗಟ್ಟಲೆ ಅದನ್ನೇ ನುಡಿಸಿದ್ದಾಗಿ ಹೇಳಿದರು. ಹಾಗಾದರೆ ಇವತ್ತು ಅದನ್ನು ಹಾಗೆಯೇ ಯಾಕೆ ನುಡಿಸಲಿಲ್ಲ ಎಂದು ಕೇಳಿದೆ. ಅವರು ನುಡಿಸಿದ್ದನ್ನು ಅವರೇ ನುಡಿಸಿಯಾಗಿದೆ, ಅದು ನನ್ನ ಬೆರಳಿನಲ್ಲಿದ್ದರೆ ಸಾಕು ಎಂಬರ್ಥದ ಉತ್ತರ ಕೊಟ್ಟರು. ಪಾಠಾಂತರದಷ್ಟೇ ಕಟ್ಟುನಿಟ್ಟಿನ ಅಭ್ಯಾಸ ಅದು, ಗುರು ಮಾತ್ರ ಎದುರಿಗಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ. ಶಾಲೆಯ ಬ್ಯಾಂಡ್ ಕೋಣೆಯಿಂದ ವಾದ್ಯವನ್ನು ಎರವಲು ತಂದ ಯಾವ ಮಗು ಬೇಕಾದರೂ ಅದರೊಳಗೆ ಹೋಗಬಹುದು.

ಆದರೆ ಅವರ ದಾರಿಯೇ ಮೇಲು ಎಂದು ನಾನು ಹೇಳಲಾರೆ. ‘ದಿಸ್ ಹಿಯರ್’ ಮೂರರ ನಡೆಯ ಹಾಡು. ಚರ್ಚಿನಲ್ಲಿ ಭಕ್ತರು ಮೈಮರೆತು ಕೂಗುವ ಆವೇಶವನ್ನೂ ವಾಲ್ಟ್ಸಿನ ತೂಗಾಟವನ್ನೂ ಒಟ್ಟಿಗೆ ಹೊಸೆದದ್ದು ಅದರ ಜೀವಾಳ. ಆ ಸಂಜೆ ತಂಡ ಅದನ್ನು ನಾಲ್ಕಕ್ಕೆ ತಿರುಗಿಸಿ ಫಂಕ್ ಮಾಡಿತು. ಜನ ಎದ್ದು ಕುಣಿದರು. ನನಗೆ ಮಾತ್ರ ಹಾಡು ಕೈತಪ್ಪಿಹೋಯಿತು ಎನಿಸಿತು. ರೂಪಕ ತಾಳದ ಕೃತಿಯನ್ನು ಆದಿಗೆ ಕೂರಿಸಿದರೆ ಸಾಹಿತ್ಯದ ಮೂಳೆ ಮುರಿಯುತ್ತದೆ ಎಂಬುದನ್ನು ನಮ್ಮ ಸಂಗೀತ ಕಲಿಯುವ ಎರಡನೆಯ ವರ್ಷದ ಮಗುವೂ ಬಲ್ಲದು. ಇನ್ನೊಂದು ಕೊರತೆ: ಧಾಟಿಯನ್ನು ಒಮ್ಮೆ ನುಡಿಸಿ ಮುಗಿಸಿದರೆಂದರೆ, ಆಮೇಲೆ ಸೋಲೋಗಳ ಮೇಲೆ ಸೋಲೋ, ಪ್ರತಿಯೊಂದರ ಕೊನೆಗೆ ಚಪ್ಪಾಳೆ; ಹಾಡು ಒಳಗೆ ಬರಲು ಬಾಗಿಲಾಯಿತೇ ಹೊರತು ಇರಲು ಮನೆಯಾಗಲಿಲ್ಲ. ನಾವು ನೆರವಲ್ ಮಾಡುವಾಗ ಒಂದೇ ಸಾಲನ್ನು ಹಿಡಿದು, ಅಕ್ಷರಗಳು ತಮ್ಮ ತಮ್ಮ ಜಾಗದಿಂದ ಕದಲದಂತೆ ನೋಡಿಕೊಂಡು, ಅದರ ಸುತ್ತ ರಾಗವನ್ನು ಹಬ್ಬಿಸುತ್ತೇವೆ. ಎಷ್ಟು ದೂರ ಹೋದರೂ ಆ ಸಾಲು ಕಿವಿಯಲ್ಲಿರುತ್ತದೆ. ವಾದ್ಯದಲ್ಲಿ ಸಾಹಿತ್ಯವಿಲ್ಲದಿದ್ದರೂ ಗೋಪಾಲನಾಥ್ ನುಡಿಸುವಾಗ ಅಕ್ಷರ ಎಲ್ಲಿ ಬಿತ್ತೆಂಬುದು ನಾಲಗೆಯ ತಟ್ಟಿನಿಂದ ತಿಳಿಯುತ್ತಿತ್ತು. ಓಕ್ಲೆಂಡಿನ ತಂಡಕ್ಕೆ ಇದನ್ನು ಕಲಿಸಬಲ್ಲವರು ನಮ್ಮಲ್ಲಿದ್ದಾರೆ.

ಎರಡು ದಾರಿಗಳೂ ಕೂಡಿದ ಒಂದು ಉದಾಹರಣೆ ಈಗಾಗಲೇ ಇದೆ. ಕೊಲರಾಡೋದಲ್ಲಿ ಬೆಳೆದ ಭಾರತೀಯ ಮೂಲದ ಆಲ್ಟೋ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ, ಗೋಪಾಲನಾಥ್ ಅವರ ಜೊತೆ ಕೂತು ಕೆಲಸ ಮಾಡಿ, 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ಮನ್ನು ಹೊರತಂದರು. ಒಂದು ಕಡೆ ಪಿಟೀಲು, ಮೃದಂಗ. ಇನ್ನೊಂದು ಕಡೆ ಗಿಟಾರು, ಬೇಸು, ಡ್ರಮ್ಸು. ನಡುವೆ ಎರಡು ಆಲ್ಟೋ. ಅದೇ ಮಹಾಂತಪ್ಪ ಅವರು 2015ರಲ್ಲಿ ಚಾರ್ಲಿ ಪಾರ್ಕರ್ ಅವರಿಗೆ ಅರ್ಪಿಸಿ ಮಾಡಿದ ಆಲ್ಬಮ್ಮಿನಲ್ಲಿ ಪಾರ್ಕರ್ ಅವರ ಒಂದು ಹಾಡನ್ನೂ ಇದ್ದಹಾಗೆ ನುಡಿಸದೆ, ಅವರ ಸ್ವರಗುಚ್ಛಗಳನ್ನು ಬೀಜವಾಗಿಟ್ಟುಕೊಂಡು ಹೊಸ ರಚನೆಗಳನ್ನೇ ಬೆಳೆಸಿದರು. ಹಿರಿಯ ವಾದಕರೊಬ್ಬರನ್ನು ನೆನೆಯಲು ಇಷ್ಟು ಬಗೆಗಳಿವೆ. ನಾವು ಹಾರ ಮತ್ತು ಮೌನದಲ್ಲಿ ನಿಲ್ಲಬೇಕಾಗಿಲ್ಲ.

ಊರಿಗೆ ಹೋದಾಗಲೆಲ್ಲ ನನಗೆ ಅನಿಸುವ ಇನ್ನೊಂದು ಮಾತು ಇದೆ. ಗೋಪಾಲನಾಥ್ ಅವರನ್ನು ಅತ್ಯಂತ ಜೀವಂತವಾಗಿ ನುಡಿಸುತ್ತಿರುವವರು ಸಭೆಗಳಲ್ಲಿ ಇಲ್ಲ, ಕರಾವಳಿಯ ಅಂಗಳಗಳಲ್ಲಿ ಇದ್ದಾರೆ. ಇವತ್ತು ದಕ್ಷಿಣ ಕನ್ನಡದಲ್ಲಿ, ಉಡುಪಿಯಲ್ಲಿ ಮದುವೆಯ ದಿಬ್ಬಣಕ್ಕೂ, ದೇವಸ್ಥಾನದ ಬಲಿ ಉತ್ಸವಕ್ಕೂ, ದೈವಾರಾಧನೆಯ ಕೋಲಕ್ಕೂ ಸ್ಯಾಕ್ಸೋಫೋನ್ ಬೇಕು. ಕೋಲದ ರಾತ್ರಿ ಗಗ್ಗರ ಕಟ್ಟಿದ ದೈವ ಅಂಗಳದಲ್ಲಿ ಹೆಜ್ಜೆ ಹಾಕುವಾಗ, ಬದಿಯಲ್ಲಿ ತಾಸೆ, ಡೋಲುಗಳ ಜೊತೆ ನಿಂತ ಸ್ಯಾಕ್ಸೋಫೋನಿನವರು ಕಣ್ಣನ್ನು ಆ ಪಾದಗಳಿಂದ ಕೀಳುವುದಿಲ್ಲ. ಹೆಜ್ಜೆ ತಡೆದರೆ ಸ್ವರವೂ ತಡೆಯುತ್ತದೆ, ಹೆಜ್ಜೆ ಚುರುಕಾದರೆ ಒಂದೇ ಸೊಲ್ಲನ್ನು ಹಿಡಿದು ಸುತ್ತಿ ಸುತ್ತಿ ನುಡಿಸುತ್ತಾರೆ. ಫಂಕ್ ತಂಡಗಳು ಗ್ರೂವ್ ಎಂದು ಯಾವುದನ್ನು ಕರೆಯುತ್ತವೆಯೋ, ಅದನ್ನು ನಾನು ಮೊದಲು ಅನುಭವಿಸಿದ್ದು ಅಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ, ಚಾಪೆಯ ಮೇಲೆ ಅಜ್ಜಿಯ ಮಗ್ಗುಲಲ್ಲಿ ಅರೆನಿದ್ದೆಯಲ್ಲಿ. ಆಡರ್ಲಿಯವರ ಸಂಗೀತದ ಬೇರು ಕಪ್ಪು ಜನರ ಚರ್ಚಿನಲ್ಲಿದೆ ಎಂಬುದನ್ನು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. 1969ರಲ್ಲಿ ಷಿಕಾಗೋದ ಜನರ ಸಭೆಯೊಂದರಲ್ಲಿ, ಪಾದ್ರಿಯೂ ನಾಗರಿಕ ಹಕ್ಕುಗಳ ಹೋರಾಟಗಾರರೂ ಆಗಿದ್ದ ಜೆಸ್ಸಿ ಜಾಕ್ಸನ್ ಅವರ ಸಮ್ಮುಖದಲ್ಲಿ, ಆ ಜನರ ಮಧ್ಯದಲ್ಲಿಯೇ ಆಡರ್ಲಿ ಒಂದು ಇಡೀ ಆಲ್ಬಮ್ಮನ್ನು ಮುದ್ರಿಸಿದರು. ಅಂಗಳದಲ್ಲಿ ನಿಂತು ನುಡಿಸುವ ನಮ್ಮ ವಾದಕರನ್ನು ಕಲಾವಿದರೆಂದು ಕರೆದು ವೇದಿಕೆಯ ಮೇಲೆ ಕೂರಿಸಿ ಕೇಳುವ ಮನಸ್ಸು ನಮ್ಮ ಸಭೆಗಳಿಗೆ ಇನ್ನೂ ಪೂರ್ತಿಯಾಗಿ ಬಂದಿಲ್ಲ. ಇದು ನನಗೆ ನೋವಿನ ವಿಷಯ.

ಮುಂದಿನ ರಾಜ್ಯೋತ್ಸವಕ್ಕೆ ಇಪ್ಪತ್ತು ನಿಮಿಷ ಬೇಕೆಂದು ಅದೇ ಸಂಸ್ಥೆಯನ್ನು ಕೇಳಿದ್ದೇನೆ, ಈ ಸಲ ಒಪ್ಪಿದ್ದಾರೆ. ನ್ಯಾಟ್ ಆಡರ್ಲಿ ಅವರ ಹಾಡೊಂದು, ಪಟ್ಣಂ ಅವರ ಕೃತಿಯೊಂದು. ಇಬ್ಬರು ಸ್ಯಾಕ್ಸೋಫೋನ್ ವಾದಕರ ಹೆಸರಿನಲ್ಲಿ. ಶಾಲೆಯ ಜಾಝ್ ಬ್ಯಾಂಡಿನಲ್ಲಿ ಆಲ್ಟೋ ನುಡಿಸುವ ನನ್ನ ಮಗ, ಅವನ ಸಹಪಾಠಿಗಳಾದ ಬೇಸ್ ಮತ್ತು ಡ್ರಮ್ಸಿನ ಇಬ್ಬರು ಹುಡುಗರು, ಜೊತೆಗೆ ಮೃದಂಗ ಕಲಿಯುತ್ತಿರುವ ನಮ್ಮ ಬೀದಿಯ ಹುಡುಗಿ. ಮಗ ಕದ್ರಿಯವರ ಧ್ವನಿಮುದ್ರಣವನ್ನು ಅರ್ಧ ವೇಗಕ್ಕೆ ಇಳಿಸಿ, ಆ ಕಲಾವಿದೆ ಹೇಳಿದ ಕ್ರಮದಲ್ಲಿಯೇ, ಎರಡು ತಿಂಗಳಿಂದ ಬರೆದುಕೊಂಡು ಕಲಿತಿದ್ದಾನೆ. ಹೋದ ಭಾನುವಾರ ಸಂಜೆ, ಪುತ್ತೂರಿನಲ್ಲಿ ಸೋಮವಾರ ಬೆಳಗಾಗುವ ಹೊತ್ತಿಗೆ, ನಲವತ್ತು ವರ್ಷ ಕೋಲಗಳಲ್ಲಿ ನುಡಿಸಿ ಈಗ ಮನೆಯಲ್ಲಿರುವ, ನಾವೆಲ್ಲ ಮಾಮ ಎಂದೇ ಕರೆಯುವ ಹಿರಿಯರಿಗೆ ವಿಡಿಯೋ ಕರೆ ಮಾಡಿ ನುಡಿಸಿ ತೋರಿಸಿದ. ಮಾಮ ಕೊನೆಯವರೆಗೆ ಕೇಳಿದರು.

“ಸ್ವರ ಎಲ್ಲ ಸರಿ ಉಂಟು ಮಗಾ. ಆದರೆ ನಿಷಾದ ಬಿಟ್ಟು ಗಾಂಧಾರಕ್ಕೆ ಬರುವಲ್ಲಿ ನೀನು ನಿಲ್ಲುದೇ ಇಲ್ಲ. ಎಂತಕ್ಕೆ ಓಡುದು? ವಾದ್ಯ ಬದಿಗಿಡು. ಬಾಯಲ್ಲಿ ಹೇಳು.”

ಮಗ ಸಂಕೋಚದಿಂದ ನನ್ನ ಮುಖ ನೋಡಿದ, ಆಮೇಲೆ ವಾದ್ಯವನ್ನು ಮಂಚದ ಮೇಲಿಟ್ಟು ಹೇಳತೊಡಗಿದ. ಮಾಮ ತಮ್ಮ ಮೊಣಕಾಲಿನ ಮೇಲೆ ತಾಳ ಹಾಕಲು ಶುರುಮಾಡಿದರು. ಆದರೆ ಕರೆಯಲ್ಲಿ ಪೆಟ್ಟು ಒಂದು ಕ್ಷಣ ತಡವಾಗಿ ಬಂದು, ಹುಡುಗನ ಸ್ವರಕ್ಕೆ ಎಡವುತ್ತಿತ್ತು. ಅವರು ಕೈ ನಿಲ್ಲಿಸಿ, “ನನ್ನ ತಾಳ ಬೇಡ, ನಿನ್ನದೇ ಹಾಕಿಕೋ” ಎಂದರು. ಮಗ ತೊಡೆಯ ಮೇಲೆ ತಟ್ಟಿ, ಬೆರಳು ಎಣಿಸಿ, ಮೊದಲಿನಿಂದ ಹೇಳಿದ. ಸ ರಿ ಮ ದ ನಿ. ಗಾಂಧಾರಕ್ಕೆ ಬಂದಾಗ ನಿಂತ. ಮಾಮ ಪರದೆಯ ಆ ಕಡೆಯಿಂದ ತಲೆಯಾಡಿಸಿ, “ಹಾಂ, ಈಗ ವಾದ್ಯ ತೆಕ್ಕೋ” ಎಂದರು.